ಬೂದು ಪುಸ್ತಕ ನೋಡಿ ಗೋಣು ಹಾಕಿದ್ದು

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ನಿಪ್ಪಾಣಿಯ ಹೆದ್ದಾರಿ ಬದಿಯ ಗ್ಯಾರೇಜನ್ನು ಸ್ವಂತ ದುಡಿಮೆಯಿಂದ ಎಬ್ಬಿಸಿದ್ದೇನೆ. ಇಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲೆ. ಕನ್ನಡ, ಮರಾಠಿ ಎರಡೂ ಪೇಪರ್ ಓದುತ್ತೇನೆ. ಇಂಗ್ಲಿಷ್ ಬರುವುದಿಲ್ಲ. ಇದನ್ನು ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೂರು ವರ್ಷದ ಹಿಂದೆ, ಕಬ್ಬು ಕಡಿಯುವ ದಿನಗಳಲ್ಲಿ, ಪರದೇಶದವನೊಬ್ಬ ಗೋವಾದಲ್ಲಿ ಬಾಡಿಗೆಗೆ ಹಿಡಿದ ಮೋಟಾರ್ ಸೈಕಲ್ ನೂಕಿಕೊಂಡು ಬಂದ. ಘಾಟ್ ಹತ್ತಿಸಿ ಕ್ಲಚ್ ಪ್ಲೇಟ್ ಸುಟ್ಟುಕೊಂಡಿದ್ದ. ಸಾಮಾನು ಕೊಲ್ಹಾಪುರದಿಂದ ಮರುದಿನ ಬರಬೇಕಿತ್ತು. ಭೋಜ ಊರಿನ ಕಡೆ ಹೊಳೆ ಇದೆ ಎಂದು ಚಹಾದಂಗಡಿಯವರು ಅವನಿಗೆ ಹೇಳಿದ್ದರು. ಹೋಗಿ ನೋಡಿ ಬರುತ್ತೇನೆ ಎಂದು ಸನ್ನೆ ಮಾಡಿದ. ನನ್ನದೇ ಗಾಡಿ ಕೊಡಲು ಮುಂದಾದೆ.

ಆದರೆ ಲೈಸನ್ಸ್ ನೋಡದೆ ಯಾರಿಗೂ ಗಾಡಿ ಕೊಡುವವನಲ್ಲ ನಾನು. ಕೇಳಿದೆ. ಅವನು ಫೋಟೊ ಅಂಟಿಸಿದ ಒಂದು ಬೂದು ಪುಸ್ತಕ ತೆಗೆದ. ಪುಟ ಬಿಡಿಸಿ, ಸಾಲಾಗಿದ್ದ ಚೌಕಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಏನೋ ಕೇಳಿದ. ಪ್ರಶ್ನೆ ಎಂಬುದು ದನಿಯಿಂದಲೇ ತಿಳಿಯಿತು. ಬೆಂಚಿನ ಮೇಲೆ ಗಿರಾಕಿಗಳು ಕೂತಿದ್ದರು. ಅವರಲ್ಲೊಬ್ಬ ನಗುತ್ತ, "ಸಾಹೇಬ ಆದ್ಯಲ್ಲೋ ಮಿಸ್ತ್ರಿ, ನಮಗೂ ಒಂದ್ ಪಾಸ್‌ಪೋರ್ಟ್ ಮಾಡಿಕೊಡು" ಅಂದ.

ನಾನು ಪುಟದ ಮೇಲಿಂದ ಕೆಳಗಿನವರೆಗೆ ಓದುವವನ ಹಾಗೆ ಕಣ್ಣಾಡಿಸಿ ಗೋಣು ಹಾಕಿದೆ. ಓಕೆ ಓಕೆ ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಅನುಮಾನ ಹರಿದವನಂತೆ ನಕ್ಕು ಕೀಲಿ ತೆಗೆದುಕೊಂಡ.

ಹೊತ್ತು ಮುಳುಗುವಾಗ ಬೇಡಕಿಹಾಳದ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಹೋಗಿ ಬಡಿದ.

ಮರುದಿನ ಠಾಣೆಯಲ್ಲಿ ಪೊಲೀಸಪ್ಪ ಅದೇ ಪುಟ ತೆರೆದು ನನ್ನ ಮುಂದೆ ಹಿಡಿದ.

"ಕಾರಿನ ಮುಂದ ಶಿಕ್ಕಾ ಒತ್ಯಾರ. ಮೋಟಾರ್ ಸೈಕಲ್ ಮುಂದ ಖಾಲಿ ಐತಿ. ಹೊರದೇಶದವ್ರು ಇಲ್ಲಿ ಗಾಡಿ ಹೊಡೀಬೇಕಂದ್ರ ಅಲ್ಲೂ ಶಿಕ್ಕಾ ಬೇಕು. ಇದನ್ನ ಓದಿ ಕೊಟ್ಟೀಯೋ, ಓದದ ಕೊಟ್ಟೀಯೋ?"

ಆ ಖಾಲಿ ಚೌಕದ ಮೇಲೆಯೇ ಅವನು ಬೆರಳಿಟ್ಟು ಕೇಳಿದ್ದ. ಆಗ ನಿಜ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಫೋಟೊ ಅಷ್ಟ ನೋಡೇನ್ರಿ ಸಾಹೇಬ್ರ. ಗಾಡಿದೂ ಲೈಸನ್ಸ್ ಐತಿ ಅಂತ ಅವ್ರ ಹೇಳಿದ್ರು."

"ಅಂದ್ರ ಸುಳ್ಳು ಹೇಳ್ಯಾನ."

ಮತ್ತೆ ಗೋಣು ಹಾಕಿದೆ. ಹಾಗೇ ಬರೆದುಕೊಂಡರು. ಕೆಳಗೆ ದುಂಡಗೆ ಸಹಿ ಮಾಡಿದೆ. ಮೂರನೇ ದಿನ ಅವನು ಕೊಲ್ಹಾಪುರದ ದವಾಖಾನೆಯಲ್ಲಿ ತೀರಿಕೊಂಡ.

ಅವನ ಚೀಲ ನನ್ನ ಗ್ಯಾರೇಜಿನಲ್ಲೇ ಉಳಿದಿತ್ತು. ಒಯ್ಯಲು ಅವನ ಅಕ್ಕ ಬಂದಳು. ಮಾತು ತಿಳಿಸಿ ಹೇಳಲು ಬೆಳಗಾವಿಯ ಒಬ್ಬ ಹೆಣ್ಣುಮಗಳು ಜೊತೆಗಿದ್ದಳು. ಅಕ್ಕ ಗಾಡಿಯ ಬಗ್ಗೆ ಕೇಳಲಿಲ್ಲ, ಟ್ರೇಲರಿನ ಬಗ್ಗೆಯೂ ಕೇಳಲಿಲ್ಲ.

"ತಮ್ಮ ಸುಳ್ಳು ಹೇಳಾವ ಅಲ್ಲಂತ್ರಿ ಅಣ್ಣಾರ," ಎಂದಳು ಬೆಳಗಾವಿಯವಳು. "ಪೊಲೀಸ್ರು ಬರದದ್ದನ್ನ ಅವ್ರ ಅವ್ವ ನಂಬವಲ್ರಂತ. ಖರೇನ ಹಂಗ ಹೇಳಿದ್ನೇನು ಅಂತ ಕೇಳಾಕತ್ತಾರ."

ನೆಲ ನೋಡುತ್ತ ಹೌದ್ರಿ ಎಂದೆ. ಅಕ್ಕ ನನಗೆ ಕೈಮುಗಿದು ಚೀಲ ಎತ್ತಿಕೊಂಡು ಹೋದಳು. ಬೆಳಗಾವಿಯವಳು ತನ್ನ ನಂಬರ್ ಬರೆದುಕೊಟ್ಟಳು.

ನನ್ನ ಗಾಡಿ ಠಾಣೆಯಿಂದ ತಿರುಗಿ ಬಂತು. ಹ್ಯಾಂಡಲ್ ನೆಟ್ಟಗೆ ಮಾಡಿದೆ, ಮಾರಲು ಮನಸ್ಸಾಗಲಿಲ್ಲ. ರಾಯಬಾಗಕ್ಕೋ ಚಿಕ್ಕೋಡಿಗೋ ಅದರ ಮೇಲೆ ಹೋಗುವಾಗ ಹಿಂದಿನ ಸೀಟಿನಿಂದ ಒಂದು ದನಿ ಕೇಳುತ್ತದೆ. ಶಬ್ದಗಳು ತಿಳಿಯುವುದಿಲ್ಲ, ಕೇಳುವ ಧಾಟಿ ಮಾತ್ರ. ಗಾಡಿ ನಿಲ್ಲಿಸಿದರೆ ನಿಲ್ಲುತ್ತದೆ, ಹೊರಟರೆ ಮತ್ತೆ ಶುರು. ಗಿರಾಕಿ ಏನಾದರೂ ಕೇಳಿ ನನ್ನ ತಲೆ ತಾನಾಗಿ ಅಲ್ಲಾಡಿದರೆ ಕುತ್ತಿಗೆ ತಣ್ಣಗಾಗುತ್ತದೆ. ಆಂಜನೇಯನ ಗುಡಿಯಲ್ಲಿ ತಾಯತ ಕಟ್ಟಿಸಿದೆ. ದನಿ ಹೋಗಲಿಲ್ಲ.

ಹೋದ ತಿಂಗಳು ಬೆಳಗಾವಿಯ ನಂಬರಿಗೆ ಫೋನ್ ಮಾಡಿದೆ. ಗ್ಯಾರೇಜಿನಲ್ಲಿ ಗಿರಾಕಿಗಳು ಇದ್ದರು. ಅವರ ಮುಂದೆಯೇ ಹೇಳಿದೆ.

"ಅವ ಸುಳ್ಳು ಹೇಳಿಲ್ರಿ. ನಡೀತೈತೇನು ಅಂತ ಪುಟ ತಗದು ನನ್ನ ಕೇಳಿದ್ದ. ನನಗ ಇಂಗ್ಲಿಷ್ ಬರಂಗಿಲ್ರಿ. ಓದಿದವರಂಗ ಮಾಡಿ ಹೂಂ ಅಂದೆ."



"ಅವ್ರ ಅವ್ವ ಹೋದ ವರ್ಷ ತೀರಿಕೊಂಡ್ರಂತ್ರಿ ಅಣ್ಣಾರ," ಎಂದಳು. "ಅಕ್ಕಗ ಹೇಳ್ಲೇನು?"

ಹೇಳ್ರಿ ಎಂದೆ.