ಉಪಚಾರದ ಈರಬಸಪ್ಪ ಹಡಗು ಹತ್ತಿದ್ದು

ಯರಗುಪ್ಪಿಯಲ್ಲಿ ಮದುವೆಯ ತಿಥಿ ಹಿಡಿಯಲು ಸ್ವಾಮಿಗಳ ಪಂಚಾಂಗ ನೋಡುತ್ತಿದ್ದರು. ಅದಕ್ಕೂ ಮೊದಲು, ಆ ದಿನ ಈರಬಸಪ್ಪ ಊರಲ್ಲಿರುತ್ತಾನೋ ಇಲ್ಲವೋ ಎಂದು ಕೇಳಿಕೊಂಡು ಬರುತ್ತಿದ್ದರು. ಅವನು ಅಡುಗೆಯವನಲ್ಲ, ಹದಿನೆಂಟು ಎಕರೆ ಎರೆಹೊಲದ ರೈತ. ಆದರೆ ಪಂಕ್ತಿಯಲ್ಲಿ ನೀಡುವ ಕೆಲಸ ಅವನದು. ಯಾರೋ ಕೊಟ್ಟ ಹುದ್ದೆಯಲ್ಲ, ಕೂಲಿ ಇಲ್ಲ, ಬಿಡುವೂ ಇಲ್ಲ.

ನಮ್ಮ ಕಡೆ ಉಣ್ಣುವವನು ಮೊದಲ ಸಲ ಬ್ಯಾಡ ಎನ್ನುವುದು ಸಂಸ್ಕಾರ, ಎರಡನೆಯ ಸಲ ಎನ್ನುವುದು ರೂಢಿ. ಮೂರನೆಯ ಸಲ ಎಲೆಗೆ ಕೈ ಅಡ್ಡ ಹಿಡಿಯುವುದು ನೀಡುವವನ ಗಟ್ಟಿತನ ನೋಡುವುದಕ್ಕೆ. ಆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲೇ ಗೋದಿ-ಬೆಲ್ಲದ ಮಾದಲಿ ಇಳಿಸಿ, ಮೇಲೆ ತುಪ್ಪ ಸುರುವಿ, "ಇದು ನಿಮ್ಮ ಪಾಲಿಂದಲ್ರಿ, ನಿಮ್ಮ ಹಿರ್ಯಾರ ಪಾಲಿಂದು" ಎನ್ನುವಂಥ ಗಂಡಸು ಈರಬಸಪ್ಪ. ಅವನ ಕೈಯಲ್ಲಿ ಉಂಡ ಬೀಗರು ಚಕ್ಕಡಿ ಹತ್ತಲು ಇಬ್ಬರ ಹೆಗಲು ಹಿಡಿಯುತ್ತಿದ್ದರು. ಹಿಂಗೆ ಉಂಡವರು ಊರಿಗೆ ಹೋಗಿ ಯರಗುಪ್ಪಿಯ ಹೆಸರು ಹೇಳುತ್ತಿದ್ದರು. ಹೆಂಡತಿ ನೀಲಕ್ಕ ಮಾತ್ರ, "ಮಂದಿ ಹೊಟ್ಟಿ ಕೆಡಿಸಿ ಹೆಸರು ಗಳಿಸ್ಯಾರ" ಎಂದು ನಗುತ್ತಿದ್ದಳು.

ಇಂಥವನನ್ನು ಹಡಗು ಹತ್ತಿಸಿದವನು ಹುಬ್ಬಳ್ಳಿಯ ಪ್ರವಾಸದ ಏಜೆಂಟ ಕುಬೇರಪ್ಪ. ಎಂಬತ್ತನಾಲ್ಕನೇ ಇಸವಿ, ಸುಗ್ಗಿ ಮುಗಿದು ಹತ್ತಿಯ ರೊಕ್ಕ ಕೈಗೆ ಬಂದ ಹೊತ್ತು. ಬಿಳಿ ಬೂಟು, ಕಂಕುಳಲ್ಲಿ ಚರ್ಮದ ಬ್ಯಾಗು, ಬಾಯಿಗೆ ಬೀಗವಿಲ್ಲ. ಪಣಜಿಗೆ ಬಸ್ಸು, ಪಣಜಿಯಿಂದ ಮುಂಬೈಗೆ ಒಬ್ಬ ಸೇಠಜಿಯ ಹಡಗು, ತಿರುಗಿ ರೈಲು, ತಲೆಗೆ ಮುನ್ನೂರು ರೂಪಾಯಿ.

"ಮತ್ತ ಊಟ?" ಎಂದ ಈರಬಸಪ್ಪ. ಅವನಿಗೆ ಮೊದಲು ಹೊಳೆಯುವುದೇ ಅದು.

"ಊಟ ಸಹಿತ ಕಾಕಾರ! ಬುತ್ತಿ ಗಿತ್ತಿ ಕಟ್ಟಬ್ಯಾಡ್ರಿ. ಹಡಗಿನ್ಯಾಗ ರೊಟ್ಟಿ ಗಂಟು ಬಿಚ್ಚಿದ್ರ ನಮ್ಮ ಮರ್ಯಾದಿ ಏನಾಗಬೇಕು?"

ಈರಬಸಪ್ಪ ಮನೆಮನೆಗೆ ಹೋಗಿ, ನೀಲಕ್ಕನೂ ಸೇರಿ, ಒಂಬತ್ತು ಮಂದಿಯನ್ನು ಹೊರಡಿಸಿದ. ಊಟದ ವಿಷಯದಲ್ಲಿ ಅವನ ಮಾತೆಂದರೆ ಊರಿಗೆ ಮುದ್ರೆ ಒತ್ತಿದ ಹಾಗೆ. "ಒಂದು ಪೈಸಾ ಮ್ಯಾಲ ಬಿದ್ರ ನನ್ನ ಕೇಳ್ರಿ" ಎಂದ. ಬಾಜೂಮನೆಯ ಮುದುಕಿ ಮೈಲಾರವ್ವ ಮಾತ್ರ ಎರಡು ದಿನದ ಬುತ್ತಿ ಕಟ್ಟಿಕೊಂಡೇ ಬಂದಳು. "ನಿನ್ನ ಮಾತಿನ ಮ್ಯಾಲ ನಂಬಿಕಿ ಐತಪಾ. ಹೊಟ್ಟೀಗಿಲ್ಲ" ಎಂದಳು.

ಹಡಗು ಬಂದರು ಬಿಡುವುದರೊಳಗೆ ಅಂಗಡಿ ಸಾಲು ಶುರುವಾಯಿತು. ಮೇಲಿನ ಅಟ್ಟದ ಕುರ್ಚಿಗೆ ತಾಸಿಗೆ ಎರಡು ರೂಪಾಯಿ. ಕಪ್ತಾನನ ಟೊಪ್ಪಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಲು ಹದಿನೈದು. ಟೊಪ್ಪಿಗೆ ಮಾತ್ರ ಕಪ್ತಾನನ ತಲೆ ಎಂದೂ ಕಂಡದ್ದಲ್ಲ. ತಲೆ ಸುತ್ತಿದರೆ ಗುಳಿಗೆ. ಸುತ್ತದಿದ್ದರೆ, ಇನ್ನು ಸುತ್ತುತ್ತದೆ ಎಂದು ಹೆದರಿಸಿ ಅದೇ ಗುಳಿಗೆ. ಹಿಂದೆ ಹಿಂದೆಯೇ ಕುಬೇರಪ್ಪ: "ತಗೋರಿ ಕಾಕಾರ, ಮತ್ತ ಮತ್ತ ಬರ್ತೀರೇನು?" ಮಾರಿದವರು ಅವನ ಕಡೆ ಕಣ್ಣು ಹೊಡೆಯುವುದನ್ನು ನೀಲಕ್ಕ ಎರಡು ಸಲ ನೋಡಿದಳು.

ದುರ್ಬೀನಿನವನು ಮೈಲಾರವ್ವನನ್ನು ಹಿಡಿದ. "ಅಜ್ಜಿ, ಒಂದು ರೂಪಾಯಿಗೆ ದೂರದ ನೀರು ನೋಡು."

"ಹತ್ತರದ್ದ ಇಷ್ಟು ಬಿದ್ದೈತಿ, ಇದನ್ನ ಮೊದಲು ನೋಡಿ ಮುಗಸ್ತೀನಿ ತಡಿ" ಎಂದು ಮುದುಕಿ ಬೆನ್ನು ತಿರುಗಿಸಿದಳು.

ಮಧ್ಯಾಹ್ನ ಊಟದ ಗಂಟೆ ಬಾರಿಸಿದರು. ಊಟದ ಕೋಣೆಗೆ ಹೋದರೆ ತಾಟಿನಲ್ಲಿ ಅನ್ನ, ಅದರ ಮೇಲೆ ಮೀನಿನ ಸಾರು. ಹತ್ತೂ ಮಂದಿ ಕೊರಳಲ್ಲಿ ಲಿಂಗ ಕಟ್ಟಿದವರು. ಒಂದೇ ಸಲಕ್ಕೆ ಹಿಂದೆ ಸರಿದು ಬಾಗಿಲಲ್ಲಿ ಗಂಟು ಬಿದ್ದರು.

"ಏನೋ ಕುಬೇರಪ್ಪ ಇದು?" ಎಂದ ಈರಬಸಪ್ಪ.

"ಊಟ ಸಹಿತ ಅಂದಿದ್ನಿ, ಊಟ ಐತ್ಯೋ ಇಲ್ಲೋ? ಮೀನಾ ತಿನ್ನೂದಿಲ್ಲಂದ್ರ ಸಮುದ್ರ ಏನು ಮಾಡಬೇಕ್ರಿ?" ಎಂದು ಅವನು ಮೇಲಿನ ಅಟ್ಟಕ್ಕೆ ತನ್ನ ಊಟಕ್ಕೆ ನಡೆದ.

ಅಷ್ಟರಲ್ಲಿ ಬಿಳಿ ಅಂಗಿ ತೊಟ್ಟ ಬಡಿಸುವವನೊಬ್ಬ ನಗುತ್ತ ಬಂದ. ಕಾರವಾರದ ಕಡೆಯವನು, ಕಿವಿಯ ಮೇಲೆ ಪೆನ್ಸಿಲು. "ಹಿರಿಯರು ಉಪವಾಸ ಇರೋದುಂಟೇ? ಬನ್ನಿ, ನಿಮಗೆ ಬೇರೆ ಕೋಣೆ, ಬೇರೆ ಅಡುಗೆ" ಎಂದು ಕೈ ಹಿಡಿದು ಕರೆದೊಯ್ದು ಗಾದಿ ಕುರ್ಚಿಯಲ್ಲಿ ಕೂರಿಸಿದ. ಪೂರಿ ಬಂತು, ಬಟಾಟೆ ಪಲ್ಯ ಬಂತು, ಬೆಳ್ಳಿಯಂತೆ ಹೊಳೆಯುವ ಬಕೆಟ್ಟಿನಲ್ಲಿ ಶ್ರೀಖಂಡ ಬಂತು. ದರ ಯಾರೂ ಹೇಳಲಿಲ್ಲ. ಕರೆದು ಕೂರಿಸಿದವನನ್ನು ದರ ಕೇಳುವ ರೂಢಿ ಯರಗುಪ್ಪಿಯಲ್ಲಿ ಇರಲಿಲ್ಲ.

"ಇನ್ನಷ್ಟು ಹಾಕಲಾ?" ಎಂದ ಬಿಳಿ ಅಂಗಿ.

"ಬ್ಯಾಡ್ರಿ" ಎಂದ ಈರಬಸಪ್ಪ.

"ಒಂದೇ ಸೌಟು. ನನ್ನ ಮೇಲೆ ಪ್ರೀತಿ ಇದ್ದರೆ."

ಈರಬಸಪ್ಪನ ಮುಖ ಅರಳಿತು. ಬೇರೆ ಊರಿನ ಪೈಲವಾನ ಸರಿಯಾದ ಪಟ್ಟು ಹಾಕಿದಾಗ ನಮ್ಮ ಪೈಲವಾನನಿಗೆ ಆಗುವ ಸಂತೋಷ ಅದು. ಕೈ ಅಡ್ಡ ಹಿಡಿದ. ಅವನು ಸಂದಿಯಲ್ಲಿ ಇಳಿಸಿದ. "ನೋಡ್ರೆಪಾ, ಇದು ನೀಡೂ ಕೈ!" ಎಂದು ಮಂದಿಗೆ ಕೂಗಿ ಹೇಳಿದ ಈರಬಸಪ್ಪ. "ಯಾರೂ ಇಲ್ಲ ಅನಬ್ಯಾಡ್ರಿ, ನೀಡಾವ್ರಿಗೆ ಅವಮಾನ ಆಗತೈತಿ." ಹೊಟ್ಟೆ ತುಂಬಿದವರೂ ಅವನ ಮಾತಿಗೆ ಇನ್ನೆರಡು ಸೌಟು ಹಾಕಿಸಿಕೊಂಡರು. ಬಿಳಿ ಅಂಗಿಯವನು ಕೈಯ ಚೀಟಿಯಲ್ಲಿ ಸೌಟಿಗೊಂದು ಗೆರೆ ಎಳೆಯುತ್ತಿದ್ದ. ರಾತ್ರಿಯ ಅಡುಗೆಗೆ ಅಂದಾಜು ಹಾಕುತ್ತಿದ್ದಾನೆ, ಜಾಣ, ಎಂದುಕೊಂಡ ಈರಬಸಪ್ಪ.

ಕೈ ತೊಳೆದು ಎಲೆ ಅಡಿಕೆ ಬಿಚ್ಚುವಾಗ ಚೀಟಿ ಬಂತು. ನಾನೂರಾ ಹದಿನಾಲ್ಕು ರೂಪಾಯಿ.

ನೀಲಕ್ಕ ಗಂಡನ ಮುಖ ನೋಡಿದಳು. ಅಂಥ ಮುಖವನ್ನು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನೋಡಿರಲಿಲ್ಲ.

"ನಾವು ಕೇಳಲಿಲ್ಲ, ನೀನ ನೀಡಿದಿ" ಎಂದ ಈರಬಸಪ್ಪ. ದನಿ ಸಣ್ಣಗಾಗಿತ್ತು.

"ನೀಡಿದೆ, ನೀವು ತಿಂದಿರಿ. ಬೇಡ ಅನ್ನಬಹುದಿತ್ತಲ್ಲ?"

"ಮೂರು ಸಲ ಅಂದ್ನಲ್ಲೋ!"

"ತಾಟು ತೆಗೆಯಲಿಲ್ಲವಲ್ಲ" ಎಂದು ಅವನು ನಕ್ಕ.

ಹತ್ತು ಮಂದಿ ಹಂಚಿಕೊಂಡರೆ ಮುಗಿಯುವ ಸಂಗತಿ. ಆದರೆ ಒಂದು ಪೈಸೆ ಮೇಲೆ ಬಿದ್ದರೆ ನನ್ನನ್ನು ಕೇಳಿರಿ ಎಂದು ಮನೆಮನೆಗೆ ಹೇಳಿ ಬಂದವನು ಅವನು. ಈಗ ಇವರ ಸೊಂಟದ ಚೀಲಕ್ಕೆ ಕೈ ಹಾಕಿಸಿದರೆ, ನಾಳೆ ಯಾವ ಮುಖ ಹೊತ್ತು ಪಂಕ್ತಿಯಲ್ಲಿ ಸೌಟು ಹಿಡಿಯುವುದು? ಅವನ ಕಿಸೆಯಲ್ಲಿ ಇದ್ದದ್ದು ನೂರಾ ಮೂವತ್ತು. ಮಂದಿಯನ್ನೆಲ್ಲ ಹೊರಗೆ ಕಳಿಸಿ, ಊಟದ ಕೋಣೆಯ ಮ್ಯಾನೇಜರನ ಮುಂದೆ ಒಬ್ಬನೇ ನಿಂತ. ಮ್ಯಾನೇಜರನ ಹೊಟ್ಟೆ ಮೇಜಿಗಿಂತ ಮುಂದೆ ಬಂದಿತ್ತು. ಅವನಿಗೆ ಈರಬಸಪ್ಪನ ಕನ್ನಡ ತಿಳಿಯದು. ಕಾರವಾರದವನು ತಿಳಿಸಿ ಹೇಳಿದ, ತಾನೇ ಒಂದು ಉಪಾಯವನ್ನೂ ಸೇರಿಸಿದ. "ಸಂಜೆಯ ಪಂಕ್ತಿಗೆ ಈ ಮುದುಕ ಬಡಿಸಲಿ. ಮಧ್ಯಾಹ್ನ ತನ್ನ ಮಂದಿಗೆ ಒತ್ತಾಯ ಮಾಡಿದ್ದನ್ನು ನಾನು ಕಂಡಿದ್ದೇನೆ. ಇವನ ಕೈಯಿಂದ ಶ್ರೀಖಂಡ ಎಷ್ಟು ಹೋಗುತ್ತದೋ ಅದರ ದುಡ್ಡಿನಲ್ಲಿ ಕಾಲುಭಾಗ ಇವನ ಚೀಟಿಯಲ್ಲಿ ಮುರಿಯೋಣ."

ಈರಬಸಪ್ಪ ಒಪ್ಪಿದ. "ಮೀನಿನ ಪಾತ್ರಿ ಮುಟ್ಟೂದಿಲ್ಲ, ಬರೇ ಸಿಹಿ" ಎಂದಷ್ಟೇ ಹೇಳಿದ.

ದೀಪ ಹಚ್ಚುವ ಹೊತ್ತಿಗೆ ಧೋತರದ ಮೇಲೆ ಬಿಳಿ ಅಂಗಿ ತೊಟ್ಟು ಇಳಿದನೆಂದರೆ, ಆ ಕೋಣೆ ಅಂಥದ್ದನ್ನು ಕಂಡಿರಲಿಲ್ಲ. ಭಾಷೆ ಬಾರದಿದ್ದರೇನು, ಕೈ ಮಾತಾಡುತ್ತಿತ್ತು. ಗುಜರಾತಿ ಸೇಠನ ತಾಟಿನ ಮುಂದೆ ಬಗ್ಗಿ, ಅವನ ಮೊಮ್ಮಗಳ ಕಡೆ ಬೆರಳು ಮಾಡಿ, ಅವಳ ಹೆಸರಿನಲ್ಲಿ ಒಂದು ಸೌಟು. ಹೊಸ ಮದುವೆಯ ಜೋಡಿಗೆ ಜೋಡಿ ಸೌಟು. ಮಧುಮೇಹವಿದೆ ಎಂದು ಕೈ ಮುಗಿದ ವಕೀಲನೊಬ್ಬನಿಗೂ ಅರ್ಧ ಸೌಟು ಹೋಯಿತು. ಎರಡು ಬಕೆಟ್ಟು ಖಾಲಿ. ಮ್ಯಾನೇಜರ ಎದ್ದು ಬಂದು ಬೆನ್ನು ಚಪ್ಪರಿಸಿದ. ಚೀಟಿ ಅರ್ಧಕ್ಕೆ ಇಳಿದಿತ್ತು. ಈರಬಸಪ್ಪನಿಗೆ, ಸುಳ್ಳು ಯಾಕೆ, ಒಳಗೊಳಗೆ ಹೆಮ್ಮೆಯೂ ಆಗಿತ್ತು.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ತಲೆಯ ಮೇಲೆ ಸೆರಗು, ಕೈಯಲ್ಲಿ ತಂಬಿಗೆ.

"ಒಂಚೂರು ಬಿಸಿನೀರ ಕೊಡ್ರೆಪಾ."

ಆ ದನಿ ಕೇಳಿ ಈರಬಸಪ್ಪನ ಕಿವಿ ನೆಟ್ಟಗಾಯಿತು. "ಯಾವೂರವ್ವಾ ತಂಗಿ?"

"ನವಲಗುಂದದಾಕಿರಿ. ಖೈರುನಬಿ ಅಂತಾರ. ಜಮಖಾನಿ ನೇಯತೀವಿ. ಮಗಳು ಮುಂಬೈದಾಗ ಹಡೀಬೇಕು, ಹೊಂಟೀನಿ."

"ನಮ್ಮ ಕಡ್ಯಾಕಿ! ಬಾ, ಕುಂಡ್ರು. ಬರೇ ಬಿಸಿನೀರ ಕುಡದು ಹೋಗ್ತಾರೇನು?"

"ಬ್ಯಾಡ್ರಿ ಕಾಕಾ, ರೊಟ್ಟಿ ತಂದೀನಿ."

"ರೊಟ್ಟಿ ನಾಳೆ ತಿನ್ನು."

ಕೂರಿಸಿದ. ಬಿಸಿ ಪೂರಿ ಇಟ್ಟ, ಒಂದು ಸೌಟು ಶ್ರೀಖಂಡ ಹಾಕಿದ. "ಸಾಕ್ರಿ" ಎಂದಳು. ಮಗಳ ಹೆಸರಿನಲ್ಲಿ ಇನ್ನೊಂದು, ಹುಟ್ಟುವ ಕೂಸಿನ ಹೆಸರಿನಲ್ಲಿ ಮತ್ತೊಂದು. ಅವಳು ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. "ಅಲ್ಲಾ ನಿಮಗ ಒಳ್ಳೇದು ಮಾಡ್ಲಿ. ನಡುನೀರಾಗ ನಮ್ಮ ಊರಾವ್ರು ಕರದು ನೀಡಿದ್ರು."

ಈರಬಸಪ್ಪ ತಲೆ ಎತ್ತಿದ. ಅವಳ ಬೆನ್ನ ಹಿಂದೆ ಕಾರವಾರದವನು ಗೆರೆ ಎಳೆಯುತ್ತಿದ್ದ. ಒಂದು, ಎರಡು, ಮೂರು.

"ಅದನ್ನ ಬರೀಬ್ಯಾಡ."

"ಯಾಕೆ? ಅವರಿಗೇನು ಪುಕ್ಕಟೆಯೋ?"

"ನನ್ನ ಹೆಸರಿಗೆ ಬರಿ."

"ನಿಮ್ಮ ಹೆಸರಿಗೆ ಬರೆದರೆ ನಿಮ್ಮ ಸಾಲ ತೀರೋದು ಯಾವಾಗ?" ಎಂದು ಅವನು ನಗುತ್ತಲೇ ಖೈರುನಬಿಯ ಕಡೆ ತಿರುಗಿದ. "ಅಮ್ಮಾ, ಹದಿನೆಂಟು ರೂಪಾಯಿ."

ಅವಳ ಕೈಯ ತುತ್ತು ತಾಟಿಗೆ ಇಳಿಯಿತು. ಸೆರಗಿನ ಗಂಟು ಹುಡುಕುತ್ತ ಅವಳು ನೋಡಿದ್ದು ಕಾರವಾರದವನನ್ನಲ್ಲ, ಈರಬಸಪ್ಪನನ್ನು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ನಾಚಿಕೆ ಇತ್ತು, ತಾನೇ ತಪ್ಪು ತಿಳಿದುಕೊಂಡೆನಲ್ಲ ಎಂಬ ನಾಚಿಕೆ.

ಈರಬಸಪ್ಪ ಬಕೆಟ್ಟನ್ನು ಕೆಳಗೆ ಕುಕ್ಕಿದ. ಆ ಸದ್ದಿಗೇ ಕೋಣೆಯವರೆಲ್ಲ ತಿರುಗಿ ನೋಡಿದರು. ಗಂಟು ಬಿಚ್ಚುತ್ತಿದ್ದ ಅವಳ ಕೈ ತಡೆದು, ಊರ ಪಂಕ್ತಿಯಲ್ಲಿ ತುಪ್ಪ ತರಲು ಕೂಗುವ ದನಿಯಲ್ಲೇ ಕೂಗಿದ: "ಯಾರೂ ಹಾಕಿಸ್ಕೋಬ್ಯಾಡ್ರಿ! ಇದು ಉಪಚಾರ ಅಲ್ಲ, ಯಾಪಾರ! ಸೌಟಿಗೆ ಆರು ರೂಪಾಯಿ!" ಅರ್ಥವಾಗದವರಿಗೆ ಸೌಟು ಎತ್ತಿ ತೋರಿಸಿ, ಆರು ಬೆರಳು ಹಿಡಿದ. ಅದು ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ. ಗುಜರಾತಿ ಸೇಠ ಚೀಟಿ ತರಿಸಿ ಓದತೊಡಗಿದ. ವಕೀಲ ಎದ್ದು, ದರಪಟ್ಟಿ ಎಲ್ಲಿ ಹಚ್ಚಿದ್ದೀರಿ ಎಂದ.

ಮ್ಯಾನೇಜರ ಮುರಿದುಕೊಂಡ ಅರ್ಧವನ್ನು ರದ್ದು ಮಾಡಿ, ಹಳೆಯ ಚೀಟಿಯನ್ನೇ ಪೂರ್ತಿ ಎದುರಿಗೆ ಇಟ್ಟ. ಖೈರುನಬಿಯ ಹದಿನೆಂಟನ್ನೂ ಕೂಡಿಸಿದ. ಈರಬಸಪ್ಪ ತನ್ನ ಮದುವೆಯಲ್ಲಿ ಮಾವ ಹಾಕಿದ ಉಂಗುರ ಬಿಚ್ಚಿ ಮೇಜಿನ ಮೇಲೆ ಒಗೆದ. ಅದರ ಬೆಲೆ ಚೀಟಿಗಿಂತ ಹೆಚ್ಚು. ಉಳಿದ ರೊಕ್ಕಕ್ಕೆ ಸೋಡಾ ಕೊಡಲೇ ಎಂದು ಕಾರವಾರದವನು ಕೇಳಿದ. ಉದ್ಯೋಗ ಅಂದರೆ ಅದು!

ಹೊರಗೆ ಮಂದಿಗೆ ಇಷ್ಟೂ ಗೊತ್ತಾಗಿತ್ತು. ಮೈಲಾರವ್ವ ಬುತ್ತಿ ಬಿಚ್ಚಿ ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಈರಬಸಪ್ಪ ಬ್ಯಾಡ ಎಂದ.

"ಬ್ಯಾಡಂದ್ರ ಒಳಗ ಇಡ್ತೀನಿ" ಎಂದು ಮುದುಕಿ ತಿರುಗಿ ಕಟ್ಟಿ ಇಟ್ಟೇಬಿಟ್ಟಳು. "ಹಡಗಿನ ಪದ್ಧತಿ. ಇಲ್ಲೆ ಒತ್ತಾಯಕ್ಕ ರೊಕ್ಕ ಬೀಳತೈತಿ."

ತಿಂಗಳಾದ ಮೇಲೆ ಯರಗುಪ್ಪಿಯಲ್ಲೇ ಶಂಕ್ರಪ್ಪನ ಮಗಳ ಮದುವೆ. ಕುಂದಗೋಳದ ಬೀಗರು. ಈರಬಸಪ್ಪ ಒಲ್ಲೆನೆಂದರೂ ಎಳೆದು ತಂದು ಮಾದಲಿ ಬುಟ್ಟಿ ಕೈಗೆ ಕೊಟ್ಟರು. ವರನ ಸೋದರಮಾವ ಪಂಕ್ತಿಯ ಮೊದಲಲ್ಲಿ ಕುಳಿತಿದ್ದ. ಒಂದು ಹಿಡಿ ಬಿತ್ತು.

"ಸಾಕ್ರಿ" ಎಂದ, ಸಂಸ್ಕಾರವಂತ.

"ಆತ್ರಿ" ಎಂದು ಈರಬಸಪ್ಪ ಮುಂದಿನ ಎಲೆಗೆ ಹೋದ.

ಪಂಕ್ತಿಗೆ ಪಂಕ್ತಿಯೇ ಬಾಯಿ ತೆರೆದು ನೋಡಿತು. ಮುಂದಿನವನೂ ಸಾಕೆಂದ, ಅವನನ್ನೂ ದಾಟಿದ. ಸೋದರಮಾವನ ಮುಖ ಹುಣಸೇಹಣ್ಣು ಕಿವುಚಿದ ಹಾಗಾಯಿತು. "ಏನ್ರಿ ಶಂಕ್ರಪ್ಪನವರ, ನಿಮ್ಮೂರಾಗ ಮಾದಲಿ ಕಡಿಮಿ ಬಿದ್ದೈತೇನು? ಒಮ್ಮೆ ಸಾಕಂದ್ರ ದಾಟಿ ಹೋಗಾಕ ನಾವೇನು ಭಿಕ್ಷಾಕ್ಕ ಬಂದೀವೇನು?"

ಶಂಕ್ರಪ್ಪ ಓಡಿಬಂದು, "ಈರಬಸಪ್ಪ, ನನ್ನ ಮಾನ ತಗೀಬ್ಯಾಡೋ ಮಾರಾಯ" ಎಂದು ಕೈ ಮುಗಿದ. ಈರಬಸಪ್ಪ ಬುಟ್ಟಿ ಹಿಡಿದು ನಿಂತೇ ಇದ್ದ. ಒತ್ತಾಯ ಮಾಡಲು ಬಗ್ಗಿದರೆ ಖೈರುನಬಿಯ ಕೈ ಸೆರಗಿನ ಗಂಟಿಗೆ ಹೋದದ್ದು ಕಾಣುತ್ತಿತ್ತು.

ತುಪ್ಪದ ತಂಬಿಗೆ ಹಿಡಿದು ಹಿಂದೆ ಬರುತ್ತಿದ್ದ ನೀಲಕ್ಕ ಹತ್ತಿರ ಬಂದು, ಅವನಿಗಷ್ಟೇ ಕೇಳುವಂತೆ ಅಂದಳು: "ಉಂಗುರ ಅಷ್ಟ ಕೊಟ್ಟು ಬಂದೀರಿ ಅನ್ಕೊಂಡಿದ್ನಿ. ಕೈನೂ ಆ ಹಡಗಿನಾವಂಗ ಕೊಟ್ಟು ಬಂದೀರೇನ್ರಿ?"

ಈರಬಸಪ್ಪ ಹೆಂಡತಿಯನ್ನು ನೋಡಿದ. ಬುಟ್ಟಿಯನ್ನು ಸೊಂಟಕ್ಕೆ ಏರಿಸಿದ. ತಿರುಗಿ ಬಂದು ಸೋದರಮಾವನ ಎದುರು ಮೊಣಕಾಲೂರಿ ಕುಳಿತ.

"ಬ್ಯಾಡ್ರಿ, ಬ್ಯಾಡ್ರಿ" ಎಂದು ಸೋದರಮಾವ ಎರಡೂ ಕೈ ಅಡ್ಡ ಹಿಡಿದ. ಕಣ್ಣಲ್ಲಿ ಮಾತ್ರ ಸಮಾಧಾನ ಮೂಡಿತ್ತು.

"ಬ್ಯಾಡ ಅಂದ್ರ ಯಾರು ಕೇಳ್ತಾರ್ರೀ ಇಲ್ಲೆ" ಎಂದು ಈರಬಸಪ್ಪ ಅವನ ಎರಡೂ ಕೈಗಳನ್ನು ಎಡಗೈಯಲ್ಲಿ ಹಿಡಿದು ಪಕ್ಕಕ್ಕಿಟ್ಟು, ಎಲೆ ಕಾಣದ ಹಾಗೆ ಮಾದಲಿ ಸುರಿದ.