ನಕ್ಷೆ ಬದಲಿಸಿದ್ದು

ಮಂಗಳೂರಿನ ಒಂದು ಅಂಗಡಿಯಲ್ಲಿ ಮಿಲಿಟರಿಯ ಹಳೆ ಸಾಮಾನು ಮಾರುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ವರ್ಷಗಳೇ ಕಳೆದಿದ್ದರೂ ಅಲ್ಲಿ ಕ್ಯಾನ್ವಾಸ್ ಚೀಲ, ನೀರಿನ ಬಾಟಲಿ, ತುಕ್ಕು ಹಿಡಿದ ಮೀಟರುಗಳ ರಾಶಿ ಇನ್ನೂ ಕರಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಕಿವಿಗೆ ಹಾಕುವ ಹೆಡ್‌ಫೋನು. ನಾನಾಗ ಬಂಟ್ವಾಳದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ವಯಸ್ಸು ಇಪ್ಪತ್ತಾರು, ಮದುವೆಯಾಗಿರಲಿಲ್ಲ. ಬಿದಿರಿನ ಅಂಡೆಗೆ ತಾಮ್ರದ ತಂತಿ ಸುತ್ತಿ, ಹರಳಿನ ಮೇಲೆ ಸೂಜಿಯ ಮೊನೆ ಊರಿ, ಕರೆಂಟೂ ಬ್ಯಾಟರಿಯೂ ಇಲ್ಲದ ಹರಳು ರೇಡಿಯೋ ಮಾಡಿದ್ದೆ. ಕಿವಿಗಿಟ್ಟು ಕೇಳುವ ಸಾಧನ ಮಾತ್ರ ಇರಲಿಲ್ಲ.

ಅಂಗಡಿಯಲ್ಲಿ ಉಳಿದದ್ದು ಒಂದೇ ಹೆಡ್‌ಫೋನು. ಅದನ್ನು ಆಗಲೇ ಇನ್ನೊಬ್ಬರು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ, ಬಿಳಿ ಮುಂಡು, ಬೆರಳುಗಳು ಉದ್ದ. ನಾನು ಪೆಚ್ಚಾದದ್ದನ್ನು ಕಂಡು ಕೇಳಿದರು, "ನಿಮಗೂ ಇದೇ ಬೇಕಾ? ಎಂತಕ್ಕೆ?"

"ಹರಳು ರೇಡಿಯೋಕ್ಕೆ."

ಅವರ ಮುಖ ಅರಳಿತು. "ನನಗೂ ಅದಕ್ಕೇ ಮಾರಾಯ್ರೆ! ಇದಕ್ಕೆ ಕಿವಿ ಎರಡುಂಟಲ್ಲ, ತುಂಡು ಮಾಡುವ."

ಅಲ್ಲೇ ಅಂಗಡಿಯ ಜಗಲಿಯಲ್ಲಿ ಕೂತು, ಚೀಲದಿಂದ ಪುಟ್ಟ ಇಕ್ಕಳ ತೆಗೆದು, ತಂತಿ ಎಲ್ಲೂ ಹರಿಯದಂತೆ ಅದನ್ನು ಎರಡು ಮಾಡಿದರು. ಒಂದು ಕಿವಿ ಅವರಿಗೆ, ಒಂದು ನನಗೆ. ಆ ಬೆರಳುಗಳ ಕೆಲಸ ನೋಡಿಯೇ ಅವರು ಅಕ್ಕಸಾಲಿ ಎಂದು ಊಹಿಸಿದೆ. ಮನೆ ಮೂಡುಬಿದಿರೆಯ ಹತ್ತಿರ, ತೋಡಾರಿನ ಕಡೆ. ಅಂದಿನಿಂದ ನಾನು ಅವರಿಗೆ ಮಾಷ್ಟ್ರು, ಅವರು ನನಗೆ ಆಚಾರ್ರು.

ಅದು ಚಿನ್ನದ ಕಾನೂನು ಬಂದ ವರ್ಷ. ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದು ಎಂದು ಸರಕಾರ ಹೇಳಿದ ಮೇಲೆ ಅಕ್ಕಸಾಲಿಗಳ ಕುಲುಮೆ ಆರಿತ್ತು. ಆಚಾರ್ರ ಬಳಿ ಯಾರಾದರೂ ಬಂದರೆ ಮುರಿದ ಮೂಗುಬೊಟ್ಟು, ಕಳಚಿದ ಕೊಂಡಿ ತರುತ್ತಿದ್ದರು, ಅಷ್ಟೇ. "ಕೈ ಸುಮ್ಮನೆ ಕೂತರೆ ಜಡ್ಡು ಹಿಡೀತದೆ. ಅದಕ್ಕೆ ಈ ಹುಚ್ಚು," ಎನ್ನುತ್ತಿದ್ದರು. ಕಾನೂನಿನ ಬಗ್ಗೆ ಅವರು ಬೇರೇನೂ ಹೇಳಿದ್ದನ್ನು ನಾನು ಕೇಳಿಲ್ಲ.

ಮೂರನೆಯವರನ್ನು ಪರಿಚಯಿಸಿದ್ದೂ ಅವರೇ. ಬೆಳ್ತಂಗಡಿಯಲ್ಲಿ ಚಾರ್ಮಾಡಿಗೆ ಹೋಗುವ ರಸ್ತೆಯ ಬದಿ ಮನೆ. ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾಗಿ ಬಂದ ಹವಾಲ್ದಾರರು. ಮಗಳ ಮುರಿದ ಬೆಂಡೋಲೆ ಸರಿ ಮಾಡಿಸಲು ಹೋದಾಗ ಆಚಾರ್ರ ಹರಳು ರೇಡಿಯೋ ಕಂಡಿದ್ದರಂತೆ. ಅವರ ಮನೆಯ ಹಿಂದೆ ಗುಡ್ಡ. ಅಲ್ಲಿನ ಎರಡು ಮರಗಳ ನಡುವೆ ಉದ್ದಕ್ಕೆ ತಂತಿ ಕಟ್ಟಿದ್ದರು. ಸಂಜೆಯ ಹೊತ್ತಿಗೆ ಕಿವಿಗಿಟ್ಟರೆ ಕಲ್ಲಿಕೋಟೆಯ ಮಲಯಾಳ ಸಣ್ಣಗೆ, ಯಾರೋ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ಮೂವರಿಗೂ ಆ ಭಾಷೆ ಅರೆಬರೆ. ಆದರೂ ಸರದಿಯಲ್ಲಿ ಕೇಳುತ್ತಿದ್ದೆವು.

ತಿಂಗಳಿಗೆ ಎರಡು ಭಾನುವಾರ ಅಲ್ಲಿ ಸೇರುವುದು ರೂಢಿಯಾಯಿತು. ನಾನು ಬಂಟ್ವಾಳದಿಂದ ಬೆಳಗಿನ ಬಸ್ಸು ಹಿಡಿದರೆ, ಆಚಾರ್ರು ವೇಣೂರಿನ ಮೇಲಾಗಿ ಬರುತ್ತಿದ್ದರು. ಹವಾಲ್ದಾರರ ಹೆಂಡತಿ ನೀರುದೋಸೆ ಮಾಡಿ ಬಡಿಸುತ್ತ, "ಮೂವರು ಗಂಡಸರು, ಒಂದು ತಂತಿ," ಎಂದು ನಗುತ್ತಿದ್ದರು. ಜಾತಿ, ವಯಸ್ಸು, ಸಂಬಳ ಯಾವುದೂ ಆ ಜಗಲಿಯಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ನನ್ನ ಜೀವನದಲ್ಲಿ ಅಂಥ ಸ್ನೇಹ ಆಮೇಲೆ ಸಿಗಲಿಲ್ಲ.

ಆದರೆ ಆ ಜಗಲಿಯಲ್ಲೂ ಒಂದು ಮೆಟ್ಟಿಲಿತ್ತು. ಅದರ ಮೇಲೆ ನಾನೇ ಹತ್ತಿ ಕೂತಿದ್ದೆ. ಮೂವರಲ್ಲಿ ಇಂಗ್ಲಿಷ್ ಪುಸ್ತಕ ಓದಬಲ್ಲವನು ನಾನೊಬ್ಬನೇ. ಹವಾಲ್ದಾರರಿಗೆ ಹಳೆಯ ವಾಲ್ವು ಸೆಟ್ಟುಗಳ ರಿಪೇರಿ ಗೊತ್ತಿತ್ತು. ವಾಲ್ವಿನ ಜಾಗಕ್ಕೆ ಹೊಸದಾಗಿ ಬರುತ್ತಿದ್ದ ಪುಟ್ಟ ಟ್ರಾನ್ಸಿಸ್ಟರ್ ಗೊತ್ತಿರಲಿಲ್ಲ. ನಾನು ಮಂಗಳೂರಿನ ಒಂದು ವಾಚನಾಲಯದಲ್ಲಿ ಓದಿದ್ದನ್ನು ಅರ್ಧ ತಿಳಿದು, ಪೂರ್ತಿ ತಿಳಿದವನಂತೆ ಹೇಳುತ್ತಿದ್ದೆ. ಅವರಿಬ್ಬರೂ ಬಾಯಿ ತೆರೆದು ಕೇಳುತ್ತಿದ್ದರು. ಅದರ ರುಚಿ ನನಗೆ ಹತ್ತಿತ್ತು.

ಒಂದು ದಿನ ಅದೇ ವಾಚನಾಲಯದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದೇ ಟ್ರಾನ್ಸಿಸ್ಟರಿನ ರೇಡಿಯೋದ ನಕ್ಷೆ ಕಂಡೆ. ಬಾಗಿಲು ಹಾಕುವ ಹೊತ್ತಾಗಿತ್ತು. ಪೆನ್ಸಿಲಿನಲ್ಲಿ ಬೇಗಬೇಗ ನಕಲು ಮಾಡಿಕೊಂಡೆ. ಮುಂದಿನ ಭಾನುವಾರ ಅದನ್ನು ಶಾಯಿಯಲ್ಲಿ ಚೆಂದ ಮಾಡಿ ಬರೆದು ಜಗಲಿಯ ಮೇಲೆ ಹರಡಿದೆ.

ಹವಾಲ್ದಾರರು ಕನ್ನಡಕ ಏರಿಸಿ ನೋಡಿದರು. "ನೀವು ಕಟ್ಟಿ ನೋಡಿದ್ದೀರಾ ಮಾಷ್ಟ್ರೇ?"

ನಾನು ಟ್ರಾನ್ಸಿಸ್ಟರನ್ನು ಕಣ್ಣಾರೆ ಕಂಡವನೇ ಅಲ್ಲ. "ಹೌದು," ಎಂದೆ. "ಗೆಳೆಯನೊಬ್ಬನ ಮನೆಯಲ್ಲಿ. ಚೆನ್ನಾಗಿ ಕೇಳ್ತದೆ."

ಆ ಒಂದು "ಹೌದು" ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ.

ಆಚಾರ್ರ ಅಕ್ಕನ ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದ. ಅವನಿಗೆ ಕಾಗದ ಬರೆದು ಒಂದು ಟ್ರಾನ್ಸಿಸ್ಟರ್ ತರಿಸಿದರು. ಅದು ಬರಲು ಮೂರು ತಿಂಗಳಾಯಿತು. ಬೆಂಕಿಪೆಟ್ಟಿಗೆಯೊಳಗೆ ಹತ್ತಿ, ಹತ್ತಿಯೊಳಗೆ ಮೂರು ಕಾಲಿನ ಆ ವಸ್ತು. ಹೊಟ್ಟೆಯ ಮೇಲೆ ಕೆಂಪು ಚುಕ್ಕೆ. ಮೂವರೂ ಒಬ್ಬರಾದ ಮೇಲೊಬ್ಬರು ಅಂಗೈ ಮೇಲೆ ಇಟ್ಟು ನೋಡಿದೆವು.

ಬೆಸುಗೆ ಹಾಕುವ ಕೆಲಸ ಸಹಜವಾಗಿ ಆಚಾರ್ರದ್ದು. ಇದ್ದಿಲಿನ ಒಲೆಯಲ್ಲಿ ತಾಮ್ರದ ಕಡ್ಡಿ ಕಾಯಿಸಿ, ಉಸಿರು ಬಿಗಿಹಿಡಿದು, ಒಂದು ಪುಟ್ಟ ಮರದ ಹಲಗೆಯ ಮೇಲೆ ಒಂದೊಂದೇ ಕಾಲನ್ನು ಮುಟ್ಟಿಸಿ ತೆಗೆದರು. "ಶಾಖ ಜಾಸ್ತಿ ತಾಗಿದರೆ ಅದು ಸಾಯ್ತದೆ," ಎಂದು ನಾನೇ ಎಚ್ಚರಿಸಿದ್ದೆ. ಪುಸ್ತಕದಲ್ಲಿ ಹಾಗಿತ್ತು. ಆಮೇಲೆ ಹವಾಲ್ದಾರರು ಟಾರ್ಚಿನ ಶೆಲ್ಲುಗಳನ್ನು ಜೋಡಿಸಿದರು. ಆಚಾರ್ರು ಕಿವಿಗಿಟ್ಟುಕೊಂಡಿದ್ದರು. ಒಮ್ಮೆ ಟಕ್ಕೆಂದಿತಂತೆ, ಅಷ್ಟೇ. ಮುಟ್ಟಿ ನೋಡಿದರೆ ಟ್ರಾನ್ಸಿಸ್ಟರ್ ಬಿಸಿಯಾಗಿತ್ತು.

ಆಚಾರ್ರು ಮೆಲ್ಲನೆ ಅಂದರು, "ನನ್ನ ಕೈ ತಡವಾಯ್ತು. ಎರಡನೇ ಕಾಲಿಗೆ ಹಿಡಿದದ್ದು ಹೆಚ್ಚಾಯ್ತು."

"ಇರಬಹುದು," ಎಂದೆ ನಾನು. ನಿಜಕ್ಕೂ ಆಗ ನನಗೂ ಗೊತ್ತಿರಲಿಲ್ಲ. ಅಲ್ಲಿಯವರೆಗಿನದನ್ನು ಹೇಗಾದರೂ ಕ್ಷಮಿಸಿಕೊಳ್ಳಬಹುದು.

ಗೊತ್ತಾದದ್ದು ಮುಂದಿನ ಶನಿವಾರ. ಮನಸ್ಸು ತಡೆಯದೆ ವಾಚನಾಲಯಕ್ಕೆ ಹೋಗಿ ಆ ಪತ್ರಿಕೆ ತೆಗೆದು ನೋಡಿದೆ. ಟ್ರಾನ್ಸಿಸ್ಟರಿನ ನಡುಗಾಲಿನಿಂದ ಬ್ಯಾಟರಿಗೆ ಹೋಗುವ ಗೆರೆಯ ಮೇಲೆ ಗರಗಸದ ಹಲ್ಲಿನಂಥ ಪುಟ್ಟ ಗುರುತು. ಅಂದರೆ ಬ್ಯಾಟರಿಯ ಶಕ್ತಿಯನ್ನು ತಡೆದು ಹದವಾಗಿ ಬಿಡುವ ರೆಸಿಸ್ಟರ್. ಅವಸರದಲ್ಲಿ ನಾನು ಅದನ್ನು ಬಿಟ್ಟು ನೇರ ಗೆರೆ ಎಳೆದಿದ್ದೆ. ಟ್ರಾನ್ಸಿಸ್ಟರನ್ನು ಸುಟ್ಟದ್ದು ಆಚಾರ್ರ ಕಡ್ಡಿಯಲ್ಲ, ನನ್ನ ಗೆರೆ.

ಮಂಗಳೂರಿನಿಂದ ಬಂಟ್ವಾಳಕ್ಕೆ ಬರುವ ಬಸ್ಸಿನಲ್ಲಿ ನಾನು ಯೋಚಿಸಿದ್ದು ಆಚಾರ್ರ ಬಗ್ಗೆಯಲ್ಲ. ನಕ್ಷೆ ಹವಾಲ್ದಾರರ ಮನೆಯ ಬಿಸ್ಕೆಟ್ ಡಬ್ಬಿಯಲ್ಲಿತ್ತು. ಅವರು ಎಂದಾದರೂ ಯಾರಿಗಾದರೂ ತೋರಿಸಿದರೆ ನನ್ನ ಸುಳ್ಳು ಬಯಲಾಗುತ್ತದೆ ಎಂಬುದೊಂದೇ ಯೋಚನೆ. ಮನೆಗೆ ಬಂದವನೇ ಅದೇ ಕಾಗದದ ಇನ್ನೊಂದು ಹಾಳೆಯಲ್ಲಿ, ಅದೇ ಶಾಯಿಯಲ್ಲಿ, ಹೊಸ ನಕ್ಷೆ ಬರೆದೆ. ಈ ಸಲ ರೆಸಿಸ್ಟರ್ ಇತ್ತು. ಹಳತಾಗಿ ಕಾಣಲೆಂದು ಮಡಚಿ ಬಿಡಿಸಿ ಒಂದು ದಿನ ಜೇಬಿನಲ್ಲಿಟ್ಟುಕೊಂಡೆ.

ಮುಂದಿನ ಸಲ ಬೇಕೆಂದೇ ಬೇಗ ಹೋದೆ. ಹವಾಲ್ದಾರರು ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ, "ಕೂತುಕೊಳ್ಳಿ ಮಾಷ್ಟ್ರೇ, ಚಾ ತರ್ತೇನೆ," ಎಂದು ಒಳಗೆ ಹೋದರು. ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆದು ಕಾಗದ ಬದಲಿಸಿದೆ. ಹಳೆಯದು ಅಂಗಿಯೊಳಗೆ ಸೇರಿತು. ಅವರು ತಂದ ಚಾ ಕುಡಿದು, "ಒಳ್ಳೆದಾಗಿದೆ ಅಕ್ಕ," ಎಂದೂ ಹೇಳಿದೆ.

ಆಚಾರ್ರು ಬಂದ ಮೇಲೆ ಹವಾಲ್ದಾರರು ಡಬ್ಬಿ ತೆರೆದು ನಕ್ಷೆಯನ್ನೂ ಸುಟ್ಟ ಟ್ರಾನ್ಸಿಸ್ಟರಿನ ಹಲಗೆಯನ್ನೂ ಪಕ್ಕಪಕ್ಕ ಇಟ್ಟರು. ಮಿಲಿಟರಿಯ ಅಭ್ಯಾಸ; ಕೆಟ್ಟದ್ದು ಯಾಕೆ ಕೆಟ್ಟಿತೆಂದು ತಿಳಿಯದೆ ಬಿಡುವವರಲ್ಲ. ಬೆರಳಿನಿಂದ ಒಂದೊಂದೇ ಗೆರೆ ಹಿಡಿದು ಹೋದವರು ನಿಂತರು.

"ಇಲ್ಲಿ ರೆಸಿಸ್ಟರ್ ಉಂಟಲ್ಲ ಆಚಾರ್ರೇ? ಹಲಗೆಯಲ್ಲಿ ಇಲ್ಲ. ನೀವು ಹಾಕಲಿಲ್ವಾ?"

ಆಚಾರ್ರು ಕಾಗದವನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು. "ನಾನಿದನ್ನು ಕಾಣಲೇ ಇಲ್ಲ," ಎಂದರು. "ಅವತ್ತು ಹತ್ತು ಸಲ ನೋಡಿದ್ದೇನೆ. ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ."

ಹವಾಲ್ದಾರರು ಏನೋ ಸಮಾಧಾನ ಹೇಳಿದರು. ನಾನು ಗುಡ್ಡದ ಕಡೆ ನೋಡುತ್ತಿದ್ದೆ. ಆಗ ಬಾಯಿ ತೆರೆದಿದ್ದರೆ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ತೆರೆಯಲಿಲ್ಲ.

ಆಮೇಲೆ ಆಚಾರ್ರು ಬರುವುದು ಕಡಿಮೆಯಾಯಿತು. ಬಂದರೂ ಇಕ್ಕಳ ಮುಟ್ಟುತ್ತಿರಲಿಲ್ಲ; "ನೀವು ಮಾಡಿ, ನಾನು ನೋಡ್ತೇನೆ," ಎನ್ನುತ್ತಿದ್ದರು. ಸಣ್ಣ ರಿಪೇರಿ ಕೆಲಸವನ್ನೂ ತಮ್ಮನಿಗೆ ಬಿಟ್ಟಿದ್ದಾರೆ ಎಂದು ಹವಾಲ್ದಾರರು ಹೇಳಿದರು. ಚಿನ್ನದ ಕಾನೂನು ಅವರ ಕೆಲಸ ಕಿತ್ತುಕೊಂಡಿತ್ತು. ಉಳಿದದ್ದು ಕೈ ಮತ್ತು ಕಣ್ಣು ಕೆಟ್ಟಿಲ್ಲ ಎಂಬ ಧೈರ್ಯ. ಅದನ್ನು ನಾನು ಕಿತ್ತುಕೊಂಡೆ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಶಾಲೆಗೇ ಬಂದರು. ಮಕ್ಕಳು ಊಟಕ್ಕೆ ಹೋಗಿದ್ದರು. ಕೈಯಲ್ಲಿ ಕೊಡೆ, ಮುಖ ಬತ್ತಿತ್ತು. ಮಂಗಳೂರಿನಲ್ಲಿ ಕಣ್ಣಿನ ಡಾಕ್ಟರರಿಗೆ ತೋರಿಸಿ ಬರುತ್ತಿದ್ದರು.

"ಎಂತ ಹೇಳಿದರು?"

"ಕಣ್ಣು ಸರಿ ಉಂಟಂತೆ. ಈ ವಯಸ್ಸಿಗೆ ಇಷ್ಟು ಒಳ್ಳೆ ಕಣ್ಣು ಅಪರೂಪ ಅಂತ ಹೇಳಿದರು." ಅವರು ಬೆಂಚಿನ ತುದಿಯಲ್ಲಿ ಕೂತರು. "ಹಾಗಾದರೆ ಅವತ್ತು ನನಗೆ ಎಂತ ಆದದ್ದು ಮಾಷ್ಟ್ರೇ? ನೀವು ಓದಿದವರು, ಹೇಳಿ. ನನ್ನ ಅಪ್ಪನಿಗೆ ಕೊನೆಗೆ ಮರುಳು ಹಿಡಿದಿತ್ತು. ಕಂಡದ್ದು ಕಂಡಿಲ್ಲ ಅಂತ ಹೇಳ್ತಿದ್ದರು. ನನಗೂ ಹಾಗೇ ಶುರುವಾಯ್ತಾ?"

ಸುಳ್ಳು ಅಲ್ಲಿಯವರೆಗೆ ಹೋಗಬಹುದು ಎಂದು ನಾನು ನೆನೆಸಿರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ: ಗೆಳೆಯನ ಮನೆ ಎಂಬುದಿಲ್ಲ, ನಾನು ಕಟ್ಟಿ ನೋಡಿಲ್ಲ, ನಕ್ಷೆ ತಪ್ಪಿತ್ತು, ಡಬ್ಬಿಯಲ್ಲಿ ಕಾಗದ ಬದಲಿಸಿದವನು ನಾನು.

"ಹಾಗಾದರೆ ಮೊದಲಿನ ಕಾಗದದಲ್ಲಿ ಅದು ಇರಲಿಲ್ಲ?"

"ಇರಲಿಲ್ಲ."

ಅವರು ನಕ್ಕರು. ಕೋಪವಿಲ್ಲದ, ದೊಡ್ಡ ಹೊರೆ ಇಳಿಸಿದವರ ನಗು. ಕಣ್ಣಲ್ಲಿ ನೀರು ಬಂತು. ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳು ಅಗಲಿಸಿ ನೋಡಿಕೊಂಡರು. ಕ್ಷಮೆ ಸಿಕ್ಕಿತೆಂದು ನನಗೆ ಅನಿಸುವಷ್ಟರಲ್ಲಿ ನಗು ನಿಂತಿತು.

"ತಪ್ಪು ಬರೆದದ್ದಕ್ಕೆ ಎಂತದೂ ಇಲ್ಲ ಮಾಷ್ಟ್ರೇ. ನಾನು ಎಷ್ಟು ಚಿನ್ನ ಹಾಳು ಮಾಡಿ ಕೆಲಸ ಕಲಿತದ್ದು! ಆದರೆ ಕಾಗದ ಬದಲಿಸುವಾಗ ನಿಮಗೆ ನನ್ನ ನೆನಪಾಗಲಿಲ್ವಾ?"

ನೆನಪಾಗಿರಲಿಲ್ಲ ಎಂಬುದೇ ನಿಜ.

ಏಳುವಾಗ ಅವರು ಒಂದೇ ಮಾತು ಕೇಳಿಕೊಂಡರು. "ಹವಾಲ್ದಾರ್ರ ಹತ್ತಿರ ನೀವೇ ಹೋಗಿ ಹೇಳಿ. ನಾನು ಕುರುಡ ಆದದ್ದು ಅವರ ಎದುರು." ನಾನು ತರಿಸುತ್ತೇನೆಂದ ಚಾ ಬೇಡವೆಂದು, ಕೊಡೆ ಹಿಡಿದು, ಬಸ್ಸಿಗೆ ನಡೆದರು.

ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಆ ಭಾನುವಾರ ಬಸ್ ನಿಲ್ದಾಣದವರೆಗೆ ಹೋಗಿ, ಬೆಳ್ತಂಗಡಿಯ ಬಸ್ಸು ಬಂದು ಹೋಗುವುದನ್ನು ನೋಡಿ ಹಿಂದೆ ಬಂದೆ. ಕೊನೆಗೆ ಒಂದು ಕಾರ್ಡು ಬರೆದೆ: "ನಕ್ಷೆಯಲ್ಲಿ ಮೊದಲು ಒಂದು ದೋಷ ಉಳಿದಿತ್ತು, ಆಚಾರ್ಯರದ್ದು ತಪ್ಪಿಲ್ಲ." ಉಳಿದಿತ್ತು ಎಂದು ಬರೆದೆ, ತಾನಾಗಿ ಉಳಿದಂತೆ. ಬದಲಿಸಿದ ಸುದ್ದಿ ಬರೆಯಲಿಲ್ಲ. ಹವಾಲ್ದಾರರು ಉತ್ತರ ಬರೆಯಲಿಲ್ಲ. ಬರೆಯದ ಭಾಗವನ್ನು ಅವರು ಊಹಿಸಿರಬೇಕು. ಗೆರೆ ಹಿಡಿದು ಹೋಗಬಲ್ಲ ಮನುಷ್ಯ.

ವರ್ಷದ ಕೊನೆಗೆ ಆಚಾರ್ರಿಂದ ಕಾರ್ಡು ಬಂತು. ಬೊಂಬಾಯಿಯಿಂದ ಇನ್ನೊಂದು ಟ್ರಾನ್ಸಿಸ್ಟರ್ ಬಂದಿದೆ, ತಾನೇ ಬೆಸುಗೆ ಹಾಕಿದ್ದೇನೆ, ಚೆನ್ನಾಗಿ ಕೇಳುತ್ತಿದೆ, ಭಾನುವಾರ ಬನ್ನಿ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಆ ಕಾರ್ಡನ್ನು ಎಷ್ಟೋ ಸಲ ಓದಿದೆ. ಹೋಗಲಿಲ್ಲ. ಉತ್ತರವನ್ನೂ ಬರೆಯಲಿಲ್ಲ.

ಆಮೇಲೆ ಅವರು ಮೂಡುಬಿದಿರೆಯ ಪೇಟೆಯಲ್ಲಿ ರೇಡಿಯೋ ರಿಪೇರಿಗೆ ಕೂತರೆಂದು ಕೇಳಿದೆ. ಬೆಳಿಗ್ಗೆ ಒಡವೆ, ಮಧ್ಯಾಹ್ನದ ಮೇಲೆ ರೇಡಿಯೋ. ವಾರಕ್ಕೊಮ್ಮೆ ಹವಾಲ್ದಾರರೂ ಬಂದು ಜೊತೆಗೆ ಕೂರುತ್ತಿದ್ದರಂತೆ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಮನೆಗೆ ಕಂಪೆನಿಯ ರೇಡಿಯೋ ತಂದಿದ್ದೆ. ಅದೊಮ್ಮೆ ಕೆಟ್ಟಾಗ ನಾನು ಮಂಗಳೂರಿಗೆ ಹೊತ್ತುಕೊಂಡು ಹೊರಟೆ.

"ಮೂಡುಬಿದಿರೆಯಲ್ಲಿ ಒಬ್ಬರು ಬಹಳ ಒಳ್ಳೆ ಮಾಡ್ತಾರಂತೆ," ಎಂದಳು ಹೆಂಡತಿ. "ಆಚೆಮನೆಯವರದ್ದು ಅವರೇ ಸರಿಮಾಡಿದ್ದು. ಅಲ್ಲಿಗೆ ಹೋಗಬಹುದಲ್ಲ?"

"ಆ ಕಡೆಗೆ ಬಸ್ಸು ಸರಿಯಿಲ್ಲ," ಎಂದೆ.