ಸ್ಕಾಟ್ಲೆಂಡಿನ ಕುಣಿತ, ಕಮಲಾಪುರದ ಅಜ್ಜ

ಚಳಿಗಾಲಕ್ಕೆ ಮುಂಚೆ ಕರಿ ಕಂಬಳಿಯನ್ನು ಬಿಸಿಲಿಗೆ ಹಾಕಿದರೆ ಏಳುವ ಕುರಿಯುಣ್ಣೆಯ ವಾಸನೆ ನನ್ನನ್ನು ಸೀದಾ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಕರೆದೊಯ್ಯುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಆ ಮನೆ ಈಗಿಲ್ಲ. ಫರಸಿಕಲ್ಲು ಹಾಸಿದ ಅಂಗಳವಿದ್ದಲ್ಲಿ ಮೂರು ಅಂಗಡಿಗಳಿವೆ. ಕಮಲಾಪುರದಲ್ಲಿ ಕುರಿ ಕಾಯುತ್ತಿದ್ದ ಅಜ್ಜ, ಅವ್ವನ ಅಪ್ಪ, ವಾರಕ್ಕೊಮ್ಮೆ ಬಸ್ಸಿಗೆ ಅಲ್ಲಿಗೆ ಬರುತ್ತಿದ್ದ. ಚೀಲದಲ್ಲಿ ಕೆಂಪು ಬಾಳೆಹಣ್ಣು, ಹೆಗಲ ಮೇಲೆ ಕಂಬಳಿ. ಆ ಕಂಬಳಿಗಾಗಿ ನಾನೂ ಅಕ್ಕನೂ ಜಗಳ ಕಾಯುತ್ತಿದ್ದೆವು.

ಒಂದು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ, ಅಂದರೆ ನಮ್ಮ ಗ್ಯಾದರಿಂಗಿಗೆ, ಟೀಚರು ಸ್ಕಾಟ್ಲೆಂಡಿನ ಹಳ್ಳಿ ಕುಣಿತವೊಂದನ್ನು ಕಲಿಸಿದರು. ಕುರುಬರ ಕೊಕ್ಕೆಕೋಲಿನ ಹೆಸರಿನ ಕುಣಿತ. ಮೂವರು ಕೈ ಹಿಡಿದು ಕುಣಿಯಬೇಕು. ನಡುವಿನವರು ಕುರುಬ, ಅವರು ತೋಳೆತ್ತಿದಾಗ ಅಕ್ಕಪಕ್ಕದವರು ಅದರಡಿ ನುಸುಳಬೇಕು. ಆ ಕೋಲಿನಿಂದ ಅಲ್ಲಿಯವರು ಕುರಿಯ ಕಾಲು ಹಿಡಿಯುತ್ತಾರಂತೆ ಎಂದು ನಾನು ಹೇಳಿದಾಗ ಅಜ್ಜ ನಕ್ಕುಬಿಟ್ಟ. "ಹಿಡಿಯಾಕ ಕೋಲ್ಯಾಕಬೇಕು? ಕರದ್ರ ಬರ್ತಾವಲ್ಲ." ಆದರೂ ಕುರುಬನಾಗಬೇಕಿದ್ದ ಗೆಳತಿ ಬಾರದ ದಿನ ಅಂಗಳದಲ್ಲಿ ನನ್ನ ಮತ್ತು ಅಕ್ಕನ ನಡುವೆ ನಿಲ್ಲುತ್ತಿದ್ದವನು ಅವನೇ. ತಕರಾರು ಒಂದೇ: ಕುಣಿತದಲ್ಲಿ ಕುರುಬ ಮುಂದೆ ನಡೆಯಬೇಕು, ಅಜ್ಜ ಪ್ರತಿ ಸಲ ಹಿಂದೆ ಉಳಿಯುತ್ತಿದ್ದ. "ಮುಂದ ಹೋದ್ರ ಹಿಂದ ಉಳದಿದ್ದು ಹೆಂಗ ಕಾಣ್ತದವ್ವಾ?"

ಗ್ಯಾದರಿಂಗಿನ ದಿನ ಗೆಳತಿಗೆ ಜ್ವರ. ಮೂವರಿಲ್ಲದೆ ಕುಣಿತವಿಲ್ಲ ಎಂದರು ಟೀಚರು. ನಾನು ಅತ್ತು ಅತ್ತು ಮುಖದ ಪೌಡರೆಲ್ಲ ಕರಗಿತು. ನೋಡಲು ಬಂದಿದ್ದ ಅಜ್ಜ "ನನಗ ಬರ್ತದರೀ ಅಕ್ಕೋರೆ," ಎಂದವನೇ ತಲೆಯ ಪಟಗಾ ಸರಿಮಾಡಿಕೊಂಡು ಸ್ಟೇಜಿನ ಮೆಟ್ಟಿಲೇರಿಬಿಟ್ಟ. ಹಾಡು ಶುರುವಾಯಿತು. ಧೋತರ ಉಟ್ಟ ಅಜ್ಜ ನಮ್ಮಿಬ್ಬರನ್ನೂ ಹಿಂದಿನಿಂದ ಮೆಲ್ಲಗೆ ಅಟ್ಟಿಕೊಂಡು ಹೋಗುವುದನ್ನು ಕಂಡು ಸಭೆಯೆಲ್ಲ ಘೊಳ್ಳೆಂದಿತು. ನನ್ನ ತರಗತಿಯ ಹುಡುಗಿಯರು ಬೆರಳು ತೋರಿಸಿ ನಗುತ್ತಿದ್ದರು. ನಾಚಿಕೆ ತಡೆಯಲಾರದೆ ಅಜ್ಜನ ಕೈಯಿಂದ ಕೈ ಕಿತ್ತುಕೊಂಡು ಪರದೆಯ ಹಿಂದೆ ಓಡಿದೆ. ಅಲ್ಲಿಂದ ಇಣುಕಿದರೆ ಅಕ್ಕ ಕುಣಿಯುತ್ತಲೇ ಇದ್ದಳು. ನಾನು ನುಸುಳಿ ಬರಲೆಂದು ಅಜ್ಜ ಇನ್ನೊಂದು ತೋಳನ್ನು ಹಾಗೇ ಎತ್ತಿ ಹಿಡಿದಿದ್ದ. ಹಾಡು ಮುಗಿಯುವವರೆಗೂ ಇಳಿಸಲಿಲ್ಲ. ನಾನು ಹೋಗಲಿಲ್ಲ.

ಅದು ಇಂದಿಗೂ ನನ್ನನ್ನು ಸುಡುತ್ತದೆ. ತಪ್ಪಾಯಿತು ಎನ್ನಬೇಕೆಂದು ಎಷ್ಟು ಸಲ ಅಂದುಕೊಂಡೆನೋ, ನಾಲಿಗೆ ಏಳಲಿಲ್ಲ. ಅವನೂ ಆ ಮಾತು ಎತ್ತಲಿಲ್ಲ. ವರ್ಷಗಳು ಕಳೆದವು. ಅಜ್ಜ ತೀರಿಕೊಂಡ ಸುದ್ದಿ ಬಂದಾಗ ಕಮಲಾಪುರಕ್ಕೆ ಓಡಿದೆ. ಅವನ ಜೊತೆ ಕುರಿ ಕಾಯುತ್ತಿದ್ದ ಮುದುಕನೊಬ್ಬ ನನ್ನನ್ನು ನೋಡಿ ಹತ್ತಿರ ಬಂದ.

"ಆ ಕುಣಿತದಾಕಿ ನೀನೇನವ್ವಾ? ನನ್ನ ಕೈ ಜಾರಿತು, ಮೊಮ್ಮಗಳ ಕುಣಿತ ನಾನs ಕೆಡಿಸಿದೆ ಅಂತ ಕಡೀತನಕ ಮರಗತಿದ್ದ ನಿಮ್ಮಜ್ಜ."

"ಇಲ್ಲರೀ, ಕೈ ಬಿಟ್ಟಾಕಿ ನಾನು," ಎಂದೆ. ಅದನ್ನು ಕೇಳಬೇಕಾದವನಿಗೆ ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು.